ಬೇಲಿ ಇಲ್ಲದ ಹೊಲ, ಪಬ್‌ನಲ್ಲಿ ಕೂರೋ ಕೋರ್ಟು: ಲ್ಯಾಕ್ಸ್‌ಟನ್ ಹಳ್ಳಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯ ಲ್ಯಾಕ್ಸ್‌ಟನ್ ಅನ್ನೋ ಪುಟ್ಟ ಹಳ್ಳಿ ಬಗ್ಗೆ ಒಂದೇ ಒಂದು ಪ್ಯಾರಾ ಬರೆದಿದ್ದೆ, ಅಲ್ಲಿನ ರೈತರು ಈಗಲೂ ಮಧ್ಯಯುಗದ ಪದ್ಧತಿಯಲ್ಲೇ ಬೇಲಿ ಇಲ್ಲದ ದೊಡ್ಡ ಹೊಲಗಳಲ್ಲಿ ಪಟ್ಟಿ ಪಟ್ಟಿಯಾಗಿ ಜಮೀನು ಹಂಚಿಕೊಂಡು ಬೇಸಾಯ ಮಾಡ್ತಾರೆ ಅಂತ. ಅಷ್ಟಕ್ಕೇ ಇಷ್ಟು ಪ್ರಶ್ನೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಲ್ಯಾಕ್ಸ್‌ಟನ್ನಿಗೇ.

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿ ಅಂದ್ರೆ ಫೋಟೋದಲ್ಲಿ ಎಲ್ಲಾ ಒಂದೇ ಥರ, ಹಸಿರು ಗುಡ್ಡ, ಕಲ್ಲಿನ ಮನೆ, ಗುಲಾಬಿ ಬಳ್ಳಿ. ಲ್ಯಾಕ್ಸ್‌ಟನ್ನೂ ಹಾಗೇನಾ? ನಿಜಕ್ಕೂ ಎಲ್ಲಿದೆ ಅದು? (ಗೃಹಿಣಿಯೊಬ್ಬರು)

ಉತ್ತರ: ಮೇಡಂ, ನೀವು ಹೇಳ್ತಿರೋ ಜೇನು ಬಣ್ಣದ ಕಲ್ಲಿನ ಮನೆಗಳು ಕಾಟ್ಸ್‌ವೋಲ್ಡ್ಸ್ ಕಡೆಯವು, ಅವು ನೈಋತ್ಯಕ್ಕೆ ದೂರ. ಲ್ಯಾಕ್ಸ್‌ಟನ್ ಇರೋದು ದೇಶದ ನಡುವಿನ ಭಾಗದಲ್ಲಿ, ಪೂರ್ವಕ್ಕೆ ಸ್ವಲ್ಪ ವಾಲಿಕೊಂಡ ಹಾಗೆ. ಪೂರ್ವದಲ್ಲಿ ಟ್ರೆಂಟ್ ನದಿ ಬಯಲು, ಪಶ್ಚಿಮದಲ್ಲಿ ಶೆರ್ವುಡ್ ಕಾಡು, ಇವೆರಡರ ಮಧ್ಯೆ ಅಲೆ ಅಲೆಯಾಗಿ ಏರಿ ಇಳಿಯೋ ಜೇಡಿಮಣ್ಣಿನ ಸೀಮೆ ಅದು. ಶೆರ್ವುಡ್ ಕಡೆ ಮರಳುಗಲ್ಲು, ನೀರು ನಿಲ್ಲಲ್ಲ, ಅದಕ್ಕೇ ಅಲ್ಲಿ ಕಾಡು ಉಳೀತು. ಲ್ಯಾಕ್ಸ್‌ಟನ್ ಕಡೆ ಕೆಂಪು ಜೇಡಿ, ಮಳೆ ಬಂದ್ರೆ ಬೂಟಿಗೆ ಸೇರುಗಟ್ಟಲೆ ಮೆತ್ಕೊಳ್ಳತ್ತೆ, ಒಣಗಿದ್ರೆ ಬಿರುಕು ಬಿಡತ್ತೆ, ಆದ್ರೆ ಗೋಧಿಗೆ ಹೇಳಿ ಮಾಡಿಸಿದ ಮಣ್ಣು.

ಕಟ್ಟೋಕೆ ಒಳ್ಳೆ ಕಲ್ಲು ಆ ಮಣ್ಣಲ್ಲಿ ಸಿಗದೇ ಇರೋದ್ರಿಂದ ಮನೆಗಳೆಲ್ಲ ಕೆಂಪು ಇಟ್ಟಿಗೆ, ಮೇಲೆ ಕೆಂಪು ಹೆಂಚು. ಬೀದಿಯಲ್ಲಿ ನಡೆಯೋವಾಗ ಒಂದು ವಿಷಯ ಕಣ್ಣಿಗೆ ಬೀಳತ್ತೆ, ಹಳೇ ರೈತ ಮನೆಗಳು ಎಷ್ಟೋ ಬೀದಿಗೆ ಮುಖ ಮಾಡಿಲ್ಲ, ಮಗ್ಗುಲು ತಿರುಗಿಸಿ ನಿಂತಿವೆ. ಬೀದಿ ಪಕ್ಕದ ಜಾಗ ಎಲ್ಲರಿಗೂ ಬೇಕು, ಅದಕ್ಕೇ ಒಬ್ಬೊಬ್ಬರಿಗೂ ಸಿಕ್ಕಿದ್ದು ಅಗಲ ಕಮ್ಮಿ ಉದ್ದ ಜಾಸ್ತಿ ಇರೋ ನಿವೇಶನ, ಮುಂದೆ ಮನೆ, ಹಿಂದೆ ಕೊಟ್ಟಿಗೆ, ಕಣಜ, ಅದರ ಹಿಂದೆ ಹಿತ್ತಲು. ಇನ್ನೊಂದು ವಿಶೇಷ ಏನಂದ್ರೆ ರೈತ ಮನೆಗಳು ಊರೊಳಗೇ ಇವೆ. ಇಂಗ್ಲೆಂಡಿನ ಬೇರೆ ಕಡೆ ಹೆಚ್ಚಾಗಿ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ಇರತ್ತೆ. ಇಲ್ಲಿ ಜಮೀನು ಮೂರು ದಿಕ್ಕಿಗೆ ಹರಡಿರೋವಾಗ ಯಾವ ತುಂಡಿನ ಮಧ್ಯೆ ಮನೆ ಕಟ್ತೀರಿ ಹೇಳಿ, ಊರೊಳಗೆ ಇರೋದೇ ಎಲ್ಲದಕ್ಕೂ ಹತ್ತಿರ.

ಊರು 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಇದೆ, ಅಂದ್ರೆ ಆಗಿನ ರಾಜ ಬರೆಸಿದ ದೇಶದ ಜಮೀನು ಲೆಕ್ಕದಲ್ಲಿ. ಈಗ ಪಕ್ಕದ ಮೂರ್‌ಹೌಸ್ ಅನ್ನೋ ಕೊಪ್ಪಲನ್ನೂ ಸೇರಿಸಿದ್ರೆ ಜನಸಂಖ್ಯೆ ಇನ್ನೂರೈವತ್ತರ ಆಸುಪಾಸು. ಊರಿನ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ ಇದೆ, ಗೋಡೆ ಏನೂ ಉಳಿದಿಲ್ಲ, ಬರೀ ಹುಲ್ಲು ಬೆಳೆದ ಗುಡ್ಡ ಮತ್ತು ಕಂದಕ. ಶೆರ್ವುಡ್ ಅರಸು ಕಾಡಿನ ಉಸ್ತುವಾರಿ ನೋಡ್ಕೋತಿದ್ದ ಎವರಿಂಗ್‌ಹ್ಯಾಮ್ ಮನೆತನ ಇದ್ದಿದ್ದು ಅಲ್ಲೇ. ಆ ಮನೆತನದ ಒಬ್ಬ ಹೆಣ್ಣುಮಗಳ ಮರದ ಮೂರ್ತಿ ಊರಿನ ಸೇಂಟ್ ಮೈಕೇಲ್ ಚರ್ಚಿನಲ್ಲಿ ಮಲಗಿರೋ ಭಂಗಿಯಲ್ಲಿ ಇದೆ. ಆ ಕಾಲದ ಮೂರ್ತಿ ಅಂದ್ರೆ ಸಾಮಾನ್ಯವಾಗಿ ಕಲ್ಲು, ಮರದ್ದು ಇಷ್ಟು ವರ್ಷ ಉಳಿಯೋದು ಬಹಳ ಅಪರೂಪ, ನೋಡೋದು ಮರೀಬೇಡಿ.

ಪ್ರಶ್ನೆ: ತೆರೆದ ಹೊಲ ಪದ್ಧತಿ ಅಂತ ಮಕ್ಕಳಿಗೆ ಪಾಠದಲ್ಲಿ ಓದಿಸ್ತೀನಿ, ಆದ್ರೆ ಅದು ಮುಗಿದು ಹೋದ ಕಥೆ ಅಂತಲೇ ತಿಳಿದಿದ್ದೆ. ಲ್ಯಾಕ್ಸ್‌ಟನ್‌ನಲ್ಲಿ ನಡೆಯೋದು ನಿಜವಾದ ಬೇಸಾಯವಾ ಅಥವಾ ಪ್ರವಾಸಿಗರಿಗೆ ತೋರಿಸೋಕಾ? (ಭೂಗೋಳ ಮೇಷ್ಟ್ರು)

ಉತ್ತರ: ನಿಜವಾದ ಬೇಸಾಯ ಮೇಷ್ಟ್ರೇ, ಟ್ರ್ಯಾಕ್ಟರು, ಕಂಬೈನ್ ಹಾರ್ವೆಸ್ಟರು ಎಲ್ಲಾ ಇಳಿಸಿ ಮಾಡೋ ಬೇಸಾಯ, ಬೆಳೆದಿದ್ದು ಮಾರುಕಟ್ಟೆಗೆ ಹೋಗತ್ತೆ. ಯಾರೂ ಹಳೇ ಕಾಲದ ವೇಷ ಹಾಕ್ಕೊಂಡು ಎತ್ತು ಹೊಡೆಯಲ್ಲ. ಹಳೇದಾಗಿ ಉಳಿದಿರೋದು ಜಮೀನಿನ ವ್ಯವಸ್ಥೆ.

ಊರಿಗೆ ಮೂರು ದೊಡ್ಡ ಹೊಲ, ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಮೂರೂ ಸೇರಿ ಸುಮಾರು 480 ಎಕರೆ. ಒಂದೊಂದು ಹೊಲದ ಒಳಗೂ ಎಲ್ಲಾ ರೈತರಿಗೂ ಪಟ್ಟಿಗಳಿವೆ, ನಡುವೆ ಬೇಲಿ ಇಲ್ಲ, ಗೋಡೆ ಇಲ್ಲ. ಈ ವರ್ಷ ಒಂದು ಹೊಲದಲ್ಲಿ ಚಳಿಗಾಲದ ಗೋಧಿ, ಅಂದ್ರೆ ಅಕ್ಟೋಬರ್ ಸುಮಾರಿಗೆ ಬಿತ್ತಿ ಮುಂದಿನ ಆಗಸ್ಟ್‌ಗೆ ಕೊಯ್ಯೋದು. ಎರಡನೇದರಲ್ಲಿ ವಸಂತದಲ್ಲಿ ಬಿತ್ತೋ ಬೆಳೆ, ಬಾರ್ಲಿಯೋ ಬೀನ್ಸೋ ಇನ್ನೊಂದೋ. ಮೂರನೇದು ಬೀಳು, ಮಣ್ಣಿಗೆ ವಿಶ್ರಾಂತಿ. ಮುಂದಿನ ವರ್ಷ ಒಂದೊಂದು ಹೆಜ್ಜೆ ಮುಂದಕ್ಕೆ, ಮೂರು ವರ್ಷಕ್ಕೆ ಒಂದು ಸುತ್ತು ಮುಗಿಯತ್ತೆ. ಮಕ್ಕಳಿಗೆ ಹೇಳೋವಾಗ ಇದನ್ನ ಮುಖ್ಯವಾಗಿ ಹೇಳಿ: ಒಬ್ಬ ರೈತನ ಜಮೀನೆಲ್ಲಾ ಒಂದೇ ಹೊಲದಲ್ಲಿ ಇದ್ದಿದ್ರೆ ಬೀಳು ಬಿಡೋ ವರ್ಷ ಅವನ ಮನೆಗೆ ಕಾಳೇ ಇರಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಮೂರರಲ್ಲೂ ಪಾಲು. ಪಾಲು ಚದುರಿದ್ರೆ ಇನ್ನೊಂದು ನ್ಯಾಯವೂ ಸಿಗತ್ತೆ, ಒಳ್ಳೆ ಮಣ್ಣು, ನೀರು ನಿಲ್ಲೋ ತಗ್ಗು, ಇಳಿಜಾರು ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರತ್ತೆ, ಒಬ್ಬನಿಗೇ ಒಳ್ಳೇದು ಒಬ್ಬನಿಗೇ ಕೆಟ್ಟದ್ದು ಅಂತ ಆಗಲ್ಲ.

ಹೊಲಗಳ ಮಧ್ಯೆ ಉಳೋಕೆ ಆಗದ ಕಡಿದಾದ ಇಲ್ಲಾ ಜೌಗು ಜಾಗಗಳಿವೆ, ಅವನ್ನ ಸೈಕ್ ಅಂತಾರೆ. ಅವಕ್ಕೆ ಯಾವ ಕಾಲದಲ್ಲೂ ನೇಗಿಲು ತಾಗಿಲ್ಲ, ಬರೀ ಹುಲ್ಲು. ಆ ಹುಲ್ಲನ್ನ ಪ್ರತೀ ವರ್ಷ ಹರಾಜು ಹಾಕಿ ಬಂದ ದುಡ್ಡನ್ನ ಹಕ್ಕುದಾರರು ಹಂಚ್ಕೋತಾರೆ. ನನ್ನ ಕೇಳಿದ್ರೆ ಜೂನ್ ತಿಂಗಳಲ್ಲಿ ಲ್ಯಾಕ್ಸ್‌ಟನ್‌ನಲ್ಲಿ ನೋಡಬೇಕಾಗಿರೋದೇ ಈ ಸೈಕ್‌ಗಳು, ಎರಡೂ ಕಡೆ ಒಂದೇ ಬಣ್ಣದ ಬೆಳೆ, ಮಧ್ಯೆ ನೂರಾರು ವರ್ಷದಿಂದ ಗೊಬ್ಬರ ಔಷಧಿ ಕಾಣದ ಹುಲ್ಲುಗಾವಲಿನಲ್ಲಿ ಹಳದಿ, ನೇರಳೆ ಕಾಡು ಹೂವು. ಸರ್ಕಾರ ಇವನ್ನ ವೈಜ್ಞಾನಿಕ ಮಹತ್ವದ ಸಂರಕ್ಷಿತ ಜಾಗ ಅಂತ ಗುರುತಿಸಿದೆ.

ಒಂದು ಮಾತು ಸೇರಿಸಬೇಕು, ಪಟ್ಟಿಗಳ ಅಳತೆ ಮಾತ್ರ ಮೊದಲಿನ ಹಾಗಿಲ್ಲ. 1635ರಲ್ಲಿ ಆಗಿನ ಒಡೆಯ ಸರ್ ವಿಲಿಯಂ ಕೋರ್ಟೀನ್ ಅನ್ನೋರು ಮಾರ್ಕ್ ಪಿಯರ್ಸ್ ಅನ್ನೋ ಸರ್ವೆಯರ್ ಕೈಲಿ ಇಡೀ ಊರಿನ ನಕಾಶೆ ಬರೆಸಿದ್ರು, ಆಗ ಪಟ್ಟಿಗಳ ಸಂಖ್ಯೆ ಎರಡು ಸಾವಿರ ದಾಟಿತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪಕ್ಕಪಕ್ಕದ ತುಂಡುಗಳನ್ನ ಒಂದುಗೂಡಿಸಿ ದೊಡ್ಡದು ಮಾಡಿದ್ರು. ಹಾಗೆ ಮಾಡದೇ ಇದ್ದಿದ್ರೆ ಟ್ರ್ಯಾಕ್ಟರ್ ಯುಗದಲ್ಲಿ ಈ ಪದ್ಧತಿ ಉಳೀತಾನೇ ಇರಲಿಲ್ಲ ಅಂತ ನನ್ನ ಅಭಿಪ್ರಾಯ. ಆ ನಕಾಶೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ, ಅದರಲ್ಲಿ ಪಟ್ಟಿಗಳ ಜೊತೆಗೆ ಉಳುತ್ತಿರೋರು, ಕೊಯ್ಯುತ್ತಿರೋರು, ಬೇಟೆ ಆಡ್ತಿರೋರು ಎಲ್ಲರನ್ನೂ ಪುಟ್ಟ ಪುಟ್ಟದಾಗಿ ಬರೆದಿದ್ದಾರೆ. ನಿಮ್ಮ ಕ್ಲಾಸಿನಲ್ಲಿ ತೋರಿಸೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ.

ಪ್ರಶ್ನೆ: ನಾನು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಬೇಲಿ ಇಲ್ಲ, ಬದು ಇಲ್ಲ ಅಂದ್ರೆ ಒತ್ತುವರಿ ಆಗೋದು ಗ್ಯಾರಂಟಿ. ಪಕ್ಕದವನು ವರ್ಷಕ್ಕೊಂದು ಸಾಲು ಒಳಗೆ ಉತ್ಕೊಂಡು ಬಂದ್ರೆ ಏನ್ ಮಾಡ್ತಾರೆ? (ನಿವೃತ್ತ ಸರ್ವೆಯರ್)

ಉತ್ತರ: ಸರ್, ಈ ಸಲ ಬಂದ ಪ್ರಶ್ನೆಗಳಲ್ಲಿ ಬೇರಿಗೇ ಕೈ ಹಾಕಿದ್ದು ನಿಮ್ಮದು, ಯಾಕಂದ್ರೆ ಲ್ಯಾಕ್ಸ್‌ಟನ್ ಉಳಿದಿರೋದೇ ಇದಕ್ಕೊಂದು ವ್ಯವಸ್ಥೆ ಇರೋದ್ರಿಂದ.

ನವೆಂಬರ್ ಕೊನೇ ಹೊತ್ತಿಗೆ, ಗೋಧಿ ಬಿತ್ತಿ ಮೊಳಕೆ ಬಂದು ಹೊಲ ತೆಳ್ಳಗೆ ಹಸಿರಾಗಿರೋವಾಗ, ಅಲ್ಲಿ ಜ್ಯೂರಿ ದಿನ ಅಂತ ಮಾಡ್ತಾರೆ. ಹನ್ನೆರಡು ಜನ ಜ್ಯೂರಿ, ಅವರಿಗೊಬ್ಬ ಫೋರ್‌ಮನ್, ಎಲ್ಲರೂ ಊರಿನೋರೇ. ಆ ವರ್ಷ ಗೋಧಿ ಹಾಕಿರೋ ಹೊಲವನ್ನ ಇವರು ಪಟ್ಟಿ ಪಟ್ಟಿಯಾಗಿ ಸುತ್ತಿ ನೋಡ್ತಾರೆ. ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರ್‌ನಲ್ಲಿ ಗೂಟಗಳ ಕಟ್ಟು, ಸುತ್ತಿಗೆ. ಒಂದೊಂದು ಪಟ್ಟಿಯ ತುದಿಗೆ ಬಂದು ಎರಡು ಪಟ್ಟಿ ಸೇರೋ ಜಾಗಕ್ಕೆ ಗೂಟ ಇಟ್ಟು, ಒಬ್ಬರು ಹಿಂದಕ್ಕೆ ಹೋಗಿ ಒಂದು ಕಣ್ಣು ಮುಚ್ಚಿ ಆ ತುದಿಯ ಗೂಟಕ್ಕೂ ಈ ತುದಿಯ ಗೂಟಕ್ಕೂ ನೇರ ಇದೆಯಾ ಅಂತ ನೋಡ್ತಾರೆ, ಇನ್ನು ಸ್ವಲ್ಪ ಈ ಕಡೆ ಅಂತ ಕೈ ಸನ್ನೆ, ಆಮೇಲೆ ಸುತ್ತಿಗೆ ಏಟು. ಜೇಡಿಮಣ್ಣು ಒದ್ದೆಯಾಗಿದ್ರೆ ಗೂಟ ಸಲೀಸಾಗಿ ಇಳಿಯತ್ತೆ, ಆದ್ರೆ ನಡೆಯೋರ ಬೂಟು ಹೆಜ್ಜೆ ಹೆಜ್ಜೆಗೂ ಭಾರ ಆಗ್ತಾ ಹೋಗತ್ತೆ. ಸಂಜೆ ನಾಲ್ಕಕ್ಕೆ ಕತ್ತಲಾಗೋ ತಿಂಗಳು ಅದು, ಅದಕ್ಕೇ ಬೆಳಿಗ್ಗೆಯೇ ಶುರು ಮಾಡ್ತಾರೆ, ಮಧ್ಯಾಹ್ನ ಊರಿನ ಪಬ್‌ನಲ್ಲಿ ಊಟ.

ಅವರು ನೋಡೋದು ಏನು? ನೀವು ಹೇಳಿದ್ದೇ. ಪಕ್ಕದವನ ಪಟ್ಟಿಗೆ ಯಾರಾದ್ರೂ ನೇಗಿಲು ಹಾಯಿಸಿದಾರಾ, ಹೊಲದ ನಡುವಿನ ದಾರಿಯನ್ನ ಯಾರಾದ್ರೂ ಉತ್ತಿದಾರಾ, ಸೈಕ್‌ನ ಅಂಚು ಕೊರೆದಿದಾರಾ, ಕಾಲುವೆ ಹೂಳು ತೆಗೆಯದೇ ಬಿಟ್ಟಿದಾರಾ. ತಪ್ಪು ಕಂಡ್ರೆ ದಂಡ ಎಷ್ಟು ಅಂತ ತೀರ್ಮಾನ ಮಾಡ್ತಾರೆ. ಅದಾಗಿ ಒಂದು ವಾರಕ್ಕೆ ಡವ್‌ಕೋಟ್ ಇನ್ ಅನ್ನೋ ಊರಿನ ಪಬ್‌ನಲ್ಲೇ ಕೋರ್ಟ್ ಲೀಟ್, ಅಂದ್ರೆ ಊರಿನ ಹಳೇ ಜಮೀನು ಕೋರ್ಟು, ಕೂರತ್ತೆ, ಜಮೀನಿನ ಒಡೆಯರ ಪರವಾಗಿ ಸ್ಟೀವರ್ಡ್ ಒಬ್ಬರು ಅಧ್ಯಕ್ಷರು. ಜ್ಯೂರಿಯ ವರದಿ ಅಲ್ಲಿ ಓದ್ತಾರೆ, ತಕರಾರು ಇದ್ದೋರು ಹೇಳ್ಕೋಬಹುದು, ದಂಡ ಕಟ್ಟೋರು ಕಟ್ತಾರೆ, ಮುಂದಿನ ವರ್ಷದ ಹೊಲಕ್ಕೆ ಹೊಸ ಜ್ಯೂರಿ ಪ್ರಮಾಣ ತಗೋತಾರೆ. ಮಧ್ಯೆ ಒಂದು ವಾರ ಬಿಡೋದು ಬಹಳ ಬುದ್ಧಿವಂತಿಕೆ ಅನ್ಸತ್ತೆ ನಂಗೆ, ದಂಡ ಬಿದ್ದೋನು ಸಿಟ್ಟು ಇಳಿಸ್ಕೊಂಡು ಯೋಚನೆ ಮಾಡಿ ಬರೋಕೆ ಟೈಮ್ ಸಿಗತ್ತೆ.

ಇದು ಬರೀ ಸಂಪ್ರದಾಯ ಅಂದ್ಕೋಬೇಡಿ, ಕಾನೂನಿನ ಬಲ ಇದೆ. ಇಂಗ್ಲೆಂಡಿನಲ್ಲಿ ಇಂಥಾ ಹಳೇ ಒಡೆತನದ ಕೋರ್ಟುಗಳು ಬೇಕಾದಷ್ಟಿದ್ವು, 1977ರ ಕಾನೂನು ಅವುಗಳ ವಿಚಾರಣೆ ಅಧಿಕಾರ ತೆಗೆದು ಹಾಕಿತು, ಆದ್ರೆ ಲ್ಯಾಕ್ಸ್‌ಟನ್ ಕೋರ್ಟ್ ಲೀಟನ್ನ ಹೆಸರು ಹೇಳಿಯೇ ಹೊರಗಿಟ್ಟಿತು. ದಂಡದ ಮೊತ್ತ ಚಿಕ್ಕದು, ಅದರಿಂದ ಯಾರೂ ಬಡವಾಗಲ್ಲ. ಆದ್ರೆ ಇನ್ನೂರೈವತ್ತು ಜನರ ಊರಲ್ಲಿ ನಿಮ್ಮ ನೇಗಿಲು ದಾರಿಗೆ ಹೋಗಿತ್ತು ಅಂತ ಎಲ್ಲರ ಎದುರು ಓದಿದ್ರೆ ಸಾಕು, ಮುಂದಿನ ಸಲ ಟ್ರ್ಯಾಕ್ಟರ್ ತಿರುಗಿಸೋವಾಗ ಕೈ ತಾನಾಗೇ ಹುಷಾರಾಗತ್ತೆ. ಅದೂ ಅಲ್ದೇ ಇವತ್ತು ಜ್ಯೂರಿಯಲ್ಲಿರೋನ ಪಟ್ಟಿ ನಾಳೆ ಇನ್ನೊಬ್ಬ ಜ್ಯೂರಿ ನೋಡ್ತಾನೆ, ಅದಕ್ಕೇ ಯಾರೂ ಅತಿ ಮಾಡಲ್ಲ.

ಪ್ರಶ್ನೆ: ಇಡೀ ಇಂಗ್ಲೆಂಡಿನಲ್ಲಿ ಇದೊಂದೇ ಯಾಕೆ ಉಳೀತು? (ಕಾಲೇಜು ವಿದ್ಯಾರ್ಥಿನಿ)

ಉತ್ತರ: 1604ರಿಂದ 1914ರ ತನಕ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆ ಸಾಮೂಹಿಕ ಜಮೀನಿಗೆ ಬೇಲಿ ಹಾಕಿಸಿ ಖಾಸಗಿ ತುಂಡು ಮಾಡಿಸಿತು. ನಾವು ಇವತ್ತು ಇಂಗ್ಲೆಂಡಿನ ಹಳ್ಳಿಗಾಡು ಅಂದ ತಕ್ಷಣ ನೆನೆಸ್ಕೊಳ್ಳೋ ಚೌಕಾಕಾರದ ಹೊಲ, ಸುತ್ತ ನೆಟ್ಟಗಿನ ಗಿಡದ ಬೇಲಿ, ಅದರಲ್ಲಿ ಬಹುಪಾಲು ಆ ಕೆಲಸದ ಫಲ. ಬೇಲಿ ಬಿದ್ದಾಗ ದೊಡ್ಡ ಜಮೀನ್ದಾರರಿಗೆ ಲಾಭ ಆಯ್ತು, ಒಂದು ಹಸು ನಾಲ್ಕು ಕುರಿ ಮೇಯಿಸ್ಕೊಂಡು ಬದುಕ್ತಿದ್ದ ಬಡವರ ಮೇವಿನ ಹಕ್ಕು ಹೋಯ್ತು, ಎಷ್ಟೋ ಜನ ಕೂಲಿಗೆ ಇಳಿದ್ರು, ಊರು ಬಿಟ್ರು. ಆ ಹಸಿರು ಬೇಲಿಗಳ ಅಂದ ನೋಡೋವಾಗ ಈ ಕಥೆಯೂ ನೆನಪಿರಬೇಕು ಅಂತ ನಾನು ಯಾವಾಗಲೂ ಹೇಳ್ತೀನಿ.

ಲ್ಯಾಕ್ಸ್‌ಟನ್‌ನಲ್ಲೂ ಕಾಡು, ಹುಲ್ಲುಗಾವಲಿನ ಒಂದಷ್ಟು ಭಾಗಕ್ಕೆ ಬೇಲಿ ಬಿತ್ತು. ಆದ್ರೆ ಹೊಲಗಳಿಗೆ ಬೀಳಲಿಲ್ಲ, ಯಾಕಂದ್ರೆ ಮ್ಯಾನ್ವರ್ಸ್ ಅರ್ಲ್ (ಅರ್ಲ್ ಅಂದ್ರೆ ದೊಡ್ಡ ಜಮೀನ್ದಾರಿ ಮನೆತನದ ಬಿರುದು) ಮುಖ್ಯ ಒಡೆಯ ಆಗಿದ್ರೂ ಸ್ಕಾರ್‌ಬರೋ ಅರ್ಲ್‌ಗೂ ಅಲ್ಲಿ ಜಮೀನಿತ್ತು, ಇಬ್ಬರ ನಡುವೆ ಅದಲು ಬದಲು ಮಾಡ್ಕೊಳ್ಳೋ ಮಾತು ಬಹಳ ಕಾಲ ಬಗೆಹರೀಲಿಲ್ಲ, ಜೊತೆಗೆ ಸಣ್ಣ ಸಣ್ಣ ಸ್ವಂತ ಹಿಡುವಳಿದಾರರೂ ಇದ್ರು. ಬಗೆಹರಿಯೋ ಹೊತ್ತಿಗೆ ಹತ್ತೊಂಬತ್ತನೇ ಶತಮಾನದ ಕೊನೆಯ ಕೃಷಿ ಕುಸಿತ ಬಂದು ಬೇಲಿಗೆ ಹಾಕೋ ದುಡ್ಡು ವಾಪಸ್ ಬರೋ ಲಕ್ಷಣ ಇರಲಿಲ್ಲ. ಆಮೇಲೆ 1952ರಲ್ಲಿ ಆರನೇ ಅರ್ಲ್ ಮ್ಯಾನ್ವರ್ಸ್ ಈ ಪದ್ಧತಿ ಉಳೀಲಿ ಅಂತಾನೇ ಕೃಷಿ ಸಚಿವಾಲಯಕ್ಕೆ ಮಾರಿದ್ರು, 1981ರಲ್ಲಿ ಅದು ರಾಜಪದವಿಯ ಹೆಸರಿನ ಆಸ್ತಿ ನೋಡ್ಕೊಳ್ಳೋ ಕ್ರೌನ್ ಎಸ್ಟೇಟ್ ಅನ್ನೋ ಸಂಸ್ಥೆಗೆ ಹೋಯ್ತು, 2020ರಲ್ಲಿ ಹತ್ತಿರದ ಥೋರ್ಸ್‌ಬಿ ಎಸ್ಟೇಟ್ ಕೊಂಡ್ಕೊಂಡಿತು, ಅದು ಮ್ಯಾನ್ವರ್ಸ್ ವಂಶದವರದ್ದೇ. ತೆರೆದ ಹೊಲದ ಗುರುತು ಡೆವನ್ನಿನ ಬ್ರಾಂಟನ್‌ನಲ್ಲೂ, ಲಿಂಕನ್‌ಶೈರ್‌ನ ಆಕ್ಸ್‌ಹೋಮ್‌ನಲ್ಲೂ ಇದೆ, ಆದ್ರೆ ಮೂರು ಹೊಲದ ಸರದಿ ಮತ್ತು ಅದನ್ನ ನೋಡ್ಕೊಳ್ಳೋ ಕೋರ್ಟು ಎರಡೂ ಒಟ್ಟಿಗೆ ಬದುಕಿರೋದು ಲ್ಯಾಕ್ಸ್‌ಟನ್‌ನಲ್ಲಿ.

ಪ್ರಶ್ನೆ: ಇಷ್ಟು ಕಮ್ಮಿ ಜನ ಇರೋ ಊರಲ್ಲಿ ದಿನಾ ಜೀವನ ಹೇಗೆ? ಅಂಗಡಿ, ಬಸ್ಸು, ಸ್ಕೂಲು? ವಯಸ್ಸಾದೋರು ಏನ್ ಮಾಡ್ತಾರೆ? (ನರ್ಸ್ ಒಬ್ಬರು)

ಉತ್ತರ: ಕಾರಿಲ್ಲದಿದ್ರೆ ಕಷ್ಟ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇಷ್ಟು ಚಿಕ್ಕ ಊರುಗಳಿಗೆ ಬಸ್ಸು ಅಪರೂಪ. ವಾರದ ಸಾಮಾನು, ಡಾಕ್ಟರು, ಔಷಧಿ ಅಂದ್ರೆ ಪಶ್ಚಿಮಕ್ಕೆ ಆಲರ್ಟನ್ ಇಲ್ಲಾ ಉತ್ತರಕ್ಕೆ ಟಕ್ಸ್‌ಫರ್ಡ್, ದೊಡ್ಡ ಕೆಲಸ ಇದ್ರೆ ನ್ಯೂಆರ್ಕ್. ಹೈಸ್ಕೂಲೂ ಆಲರ್ಟನ್, ಟಕ್ಸ್‌ಫರ್ಡ್‌ನಲ್ಲೇ. ಎಂಟು ವರ್ಷ ದಾಟಿದ ಮಗುವಿಗೆ ಹತ್ತಿರದ ಸೂಕ್ತ ಸ್ಕೂಲು ಮೂರು ಮೈಲಿಗಿಂತ ದೂರ ಇದ್ರೆ ಸ್ಥಳೀಯ ಆಡಳಿತವೇ ಉಚಿತವಾಗಿ ಕರ್ಕೊಂಡು ಹೋಗಬೇಕು ಅಂತ ಕಾನೂನಿದೆ, ಹಾಗಾಗಿ ಬೆಳಿಗ್ಗೆ ಊರ ಬಾಗಿಲಲ್ಲಿ ಸ್ಕೂಲ್ ಬಸ್ ಕಾಯೋ ಮಕ್ಕಳು ಇಂಥಾ ಹಳ್ಳಿಗಳಲ್ಲಿ ಸಾಮಾನ್ಯ ದೃಶ್ಯ.

ಇನ್ನೊಂದು, ಹೊರಗಿನವರಿಗೆ ಗೊತ್ತಾಗದ್ದು. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಿಗೆ ಗ್ಯಾಸ್ ಪೈಪ್‌ಲೈನ್ ಬಂದೇ ಇಲ್ಲ. ಮನೆ ಹಿಂದೆ ಹಸಿರು ಬಣ್ಣದ ಒಂದು ದೊಡ್ಡ ಟ್ಯಾಂಕ್ ಕಾಣತ್ತೆ, ಅದರಲ್ಲಿ ಸೀಮೆಎಣ್ಣೆ ಥರದ ಹೀಟಿಂಗ್ ಆಯಿಲ್, ಮನೆ ಬಿಸಿ ಮಾಡೋಕೆ. ಟ್ಯಾಂಕರ್ ಬಂದು ತುಂಬಿಸಿ ಹೋಗತ್ತೆ. ಒಬ್ಬೊಬ್ಬರೇ ತರಿಸಿದ್ರೆ ರೇಟ್ ಜಾಸ್ತಿ ಬೀಳತ್ತೆ ಅಂತ ಸುತ್ತಮುತ್ತಲಿನವರೆಲ್ಲ ಸೇರಿ ಒಟ್ಟಿಗೆ ಆರ್ಡರ್ ಮಾಡೋ ಕೂಟ ಕಟ್ಕೊಂಡಿರ್ತಾರೆ. ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಗೂ ಕಮ್ಮಿ, ಹೊರಗೆ ಹಿಮಗಾಳಿ, ಆಗ ಟ್ಯಾಂಕು ಖಾಲಿ ಆದ್ರೆ ಏನು ಪಾಡು ಯೋಚನೆ ಮಾಡಿ, ಅದೂ ವಯಸ್ಸಾದವರು ಒಬ್ಬರೇ ಇರೋ ಮನೆಯಲ್ಲಿ. ನೀವು ನರ್ಸ್ ಆಗಿರೋದ್ರಿಂದ ಹೇಳ್ತಿದೀನಿ, ಹಳ್ಳಿ ಮುದುಕರ ಸಮಸ್ಯೆ ಅಂದ್ರೆ ಅಲ್ಲಿ ಮುಖ್ಯವಾಗಿ ಎರಡು, ಚಳಿ ಮತ್ತು ಡ್ರೈವಿಂಗ್ ನಿಲ್ಲಿಸಬೇಕಾದ ದಿನ. ಕಾರಿನ ಕೀ ಕೆಳಗಿಟ್ಟ ದಿನದಿಂದ ಎಲ್ಲದಕ್ಕೂ ಯಾರನ್ನಾದ್ರೂ ಕೇಳಬೇಕು. ಅಕ್ಕಪಕ್ಕದವರು ಕರ್ಕೊಂಡು ಹೋಗ್ತಾರೆ, ಸ್ವಯಂಸೇವಕರ ಕಾರು ವ್ಯವಸ್ಥೆ ಕೆಲವು ಕಡೆ ಇದೆ, ಆದ್ರೂ ದಿನಾ ಕೇಳೋಕೆ ಸಂಕೋಚ ಪಟ್ಕೊಂಡು ಮನೆಯಲ್ಲೇ ಉಳಿಯೋರು ಇದ್ದಾರೆ.

ಊರಿನ ಆಡಳಿತ ಪ್ಯಾರಿಷ್ ಕೌನ್ಸಿಲ್‌ನದು. 1894ರ ಕಾನೂನಿನಿಂದ ಹುಟ್ಟಿದ ಅತೀ ಕೆಳಗಿನ ಹಂತದ ಸರ್ಕಾರ, ಇಂಗ್ಲೆಂಡಿನಲ್ಲಿ ಇಂಥವು ಸುಮಾರು ಹತ್ತು ಸಾವಿರ. ಸದಸ್ಯರಿಗೆ ಸಂಬಳ ಇಲ್ಲ. ಮನೆ ತೆರಿಗೆಯಲ್ಲಿ ಒಂದು ಚೂರು ಇವರ ಪಾಲಿಗೆ ಬರತ್ತೆ, ಅದರಲ್ಲಿ ಬೆಂಚು, ನೋಟಿಸ್ ಬೋರ್ಡು, ಹುಲ್ಲು ಕತ್ತರಿಸೋದು, ಆಟದ ಜಾಗ ಇವನ್ನೆಲ್ಲ ನೋಡ್ಕೋತಾರೆ, ಊರಲ್ಲಿ ಯಾರಾದ್ರೂ ಹೊಸ ಮನೆಗೆ ಅರ್ಜಿ ಹಾಕಿದ್ರೆ ಅಭಿಪ್ರಾಯ ಹೇಳ್ತಾರೆ. ಮೀಟಿಂಗಿಗೆ ಊರಿನ ಯಾರು ಬೇಕಾದ್ರೂ ಹೋಗಿ ಕೂರಬಹುದು. ರಸ್ತೆ ಗುಂಡಿ ಮಾತ್ರ ಇವರ ಕೈಲಿಲ್ಲ, ಅದು ಕೌಂಟಿ ಕೌನ್ಸಿಲ್ ಕೆಲಸ, ಆದ್ರೂ ಬೈಸ್ಕೊಳ್ಳೋದು ಇವರೇ.

ಹಳೇ ಕೆಂಪು ಟೆಲಿಫೋನ್ ಪೆಟ್ಟಿಗೆ ನೋಡಿರ್ತೀರಲ್ಲ, ಮೊಬೈಲ್ ಬಂದ ಮೇಲೆ ಅವು ಕೆಲಸಕ್ಕೆ ಬಾರದಾದ್ವು. 2008ರಿಂದ ಬಿಟಿ ಅನ್ನೋ ಟೆಲಿಫೋನ್ ಕಂಪನಿ ಒಂದು ಪೌಂಡಿಗೆ ಅದನ್ನ ಊರಿಗೇ ಕೊಡೋ ಸ್ಕೀಮ್ ಮಾಡಿತು. ಎಷ್ಟೋ ಹಳ್ಳಿಗಳು ಅದನ್ನ ಪುಸ್ತಕದ ಕಪಾಟು ಮಾಡ್ಕೊಂಡಿವೆ, ಇನ್ನೆಷ್ಟೋ ಕಡೆ ಹೃದಯ ನಿಂತಾಗ ಶಾಕ್ ಕೊಡೋ ಡಿಫಿಬ್ರಿಲೇಟರ್ ಇಟ್ಟಿದಾರೆ. ಆಂಬುಲೆನ್ಸ್ ಬರೋಕೆ ಹೊತ್ತಾಗೋ ಜಾಗದಲ್ಲಿ ಇದು ಜೀವ ಉಳಿಸೋ ಪೆಟ್ಟಿಗೆ.

ಪ್ರಶ್ನೆ: ಅಲ್ಲಿ ಯಾರದೋ ಗೋಧಿ ಹೊಲದ ಮಧ್ಯೆ ಯಾರು ಬೇಕಾದ್ರೂ ನಡ್ಕೊಂಡು ಹೋಗಬಹುದಂತೆ, ನಿಜಾನಾ? ರೈತ ಸುಮ್ಮನಿರ್ತಾನಾ? (ಚಾರಣದ ಹುಚ್ಚಿರೋ ಓದುಗರು)

ಉತ್ತರ: ಗುರುತು ಮಾಡಿರೋ ದಾರಿಯಲ್ಲಿ ಮಾತ್ರ ಹೋಗಬಹುದು, ಅದು ನಿಮ್ಮ ಹಕ್ಕು, ರೈತನ ದಯೆ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥಾ ದಾರಿಗಳು ಸುಮಾರು 1,40,000 ಮೈಲಿ ಇವೆ. ಹಳದಿ ಬಾಣ ಇದ್ರೆ ನಡೆಯೋರಿಗೆ ಮಾತ್ರ, ನೀಲಿ ಬಾಣ ಇದ್ರೆ ಕುದುರೆ, ಸೈಕಲ್ಲಿಗೂ ಅವಕಾಶ. ಹೊಲದ ಮಧ್ಯೆ ಹಾಯೋ ಕಾಲುದಾರಿಯನ್ನ ರೈತ ಉಳಬಹುದು, ಆದ್ರೆ ಆ ಬೆಳೆಗೆ ಮೊದಲ ಸಲ ಉತ್ತ ಮೇಲೆ 14 ದಿನದೊಳಗೆ, ಆಮೇಲೆ ಮತ್ತೆ ಮಣ್ಣು ಕೆದಕಿದ್ರೆ 24 ಗಂಟೆಯೊಳಗೆ ಕನಿಷ್ಠ ಒಂದು ಮೀಟರ್ ಅಗಲ ಸರಿ ಮಾಡಿ ಕೊಡಬೇಕು. ಅದಕ್ಕೇ ಜೂನ್‌ನಲ್ಲಿ ನೋಡಿದ್ರೆ ಸೊಂಟದೆತ್ತರದ ಗೋಧಿ ನಡುವೆ ಬೈತಲೆ ತೆಗೆದ ಹಾಗೆ ಒಂದು ಗೆರೆ. ನಾಯಿ ಕರ್ಕೊಂಡು ಹೋದ್ರೆ ಕುರಿ ಹತ್ತಿರ ಬೆಲ್ಟ್ ಬಿಡಬೇಡಿ, ರೈತರಿಗೆ ಸಿಟ್ಟು ಬರೋದು ಆ ವಿಷಯಕ್ಕೇ ಜಾಸ್ತಿ, ಅದು ನ್ಯಾಯವೂ ಹೌದು.

ಪ್ರಶ್ನೆ: ಲ್ಯಾಕ್ಸ್‌ಟನ್ ಅಕ್ಕಪಕ್ಕ ಬೇರೆ ಏನಾದ್ರೂ ಇದೆಯಾ? (ಹೆಸರು ಬೇಡ ಅಂದಿರೋ ಓದುಗರು)

ಉತ್ತರ: ಈಕ್ರಿಂಗ್ ಅಂತ ಪಕ್ಕದಲ್ಲೇ ಒಂದು ಹಳ್ಳಿ ಇದೆ, ಅದರ ಚರಿತ್ರೆ ಲ್ಯಾಕ್ಸ್‌ಟನ್‌ಗಿಂತ ಏನೂ ಕಮ್ಮಿ ಇಲ್ಲ. 1665ರಲ್ಲಿ ಡರ್ಬಿಶೈರ್‌ನ ಈಮ್ ಅನ್ನೋ ಊರಿಗೆ ಪ್ಲೇಗ್ ಬಂದಾಗ, ರೋಗ ಸುತ್ತಲಿನ ಊರಿಗೆ ಹರಡಬಾರದು ಅಂತ ಜನ ತಾವೇ ಊರ ಗಡಿ ಮುಚ್ಕೊಂಡು ಕೂತ್ರಲ್ಲ, ಅವರಿಗೆ ಧೈರ್ಯ ಹೇಳಿ ನಿಲ್ಲಿಸಿದ ಪಾದ್ರಿ ವಿಲಿಯಂ ಮಾಂಪೆಸನ್. ಅವರ ಹೆಂಡತಿ ಕ್ಯಾಥರೀನ್ ಅಲ್ಲೇ ಪ್ಲೇಗಿಗೆ ತೀರಿಕೊಂಡ್ರು. ಆ ಮಾಂಪೆಸನ್ ಕೆಲವು ವರ್ಷದ ಮೇಲೆ ಈಕ್ರಿಂಗ್‌ಗೆ ಪಾದ್ರಿಯಾಗಿ ಬಂದಾಗ ಜನ ಹೆದರಿ ಊರೊಳಗೆ ಸೇರಿಸಲಿಲ್ಲವಂತೆ, ಊರ ಹೊರಗೆ ಒಂದು ಆಶ್ ಮರದ ಕೆಳಗೆ ನಿಂತು ಉಪದೇಶ ಮಾಡ್ತಿದ್ರು ಅಂತ ಹೇಳ್ತಾರೆ. ಆಮೇಲೆ 1709ರಲ್ಲಿ ಸಾಯೋವರೆಗೂ ಅದೇ ಊರಲ್ಲಿ ಇದ್ರು.

ಅದೇ ಈಕ್ರಿಂಗ್ ಪಕ್ಕದ ಡ್ಯೂಕ್ಸ್ ವುಡ್ ಕಾಡಿನಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಎಣ್ಣೆ ಬಾವಿಗಳಿದ್ವು. ಜರ್ಮನ್ ಸಬ್‌ಮರೀನುಗಳು ಹಡಗು ಮುಳುಗಿಸ್ತಿದ್ದ ಕಾಲ, ದೇಶದೊಳಗಿನ ಪ್ರತೀ ಹನಿ ಎಣ್ಣೆಯೂ ಬೇಕು. 1943ರಲ್ಲಿ ಅಮೆರಿಕದಿಂದ 42 ಜನ ಡ್ರಿಲ್ಲಿಂಗ್ ಕೆಲಸಗಾರರನ್ನ ಗುಟ್ಟಾಗಿ ಕರೆಸಿ ಬಾವಿ ಕೊರೆಸಿದ್ರು. ಆ ಕೆಲಸಗಾರರ ನೆನಪಿಗೆ ಒಂದು ಕಂಚಿನ ಪ್ರತಿಮೆಯನ್ನೂ ಮಾಡಿಸಿದಾರೆ.

ಪ್ರಶ್ನೆ: ಮುಂದೆ ಇದು ಉಳಿಯತ್ತಾ? ಅಲ್ಲಿನ ಹುಡುಗರೂ ಊರು ಬಿಡ್ತಾರಾ? (ಕೃಷಿಕರೊಬ್ಬರು)

ಉತ್ತರ: ಬಿಡ್ತಾರೆ. ಈಗ ತೆರೆದ ಹೊಲದಲ್ಲಿ ಪಾಲಿರೋ ರೈತ ಕುಟುಂಬಗಳು ಹತ್ತು ಹದಿನೈದರ ಆಸುಪಾಸು, ಬಹುತೇಕ ಎಲ್ಲಾ ಗೇಣಿದಾರರೇ. ತೆರೆದ ಹೊಲದ ಆದಾಯ ಒಂದನ್ನೇ ನಂಬ್ಕೊಂಡು ಯಾರೂ ಬದುಕೋಕಾಗಲ್ಲ, ಬೇಲಿ ಹಾಕಿದ ಜಮೀನೂ ಜೊತೆಗಿರತ್ತೆ, ಕೆಲವರಿಗೆ ಹೊರಗಿನ ಕೆಲಸವೂ. ಮೂರನೇ ಒಂದು ಭಾಗ ಬೀಳು ಬಿಡೋ ಪದ್ಧತಿಗೆ ಲೆಕ್ಕದ ಪುಸ್ತಕದಲ್ಲಿ ಸಮರ್ಥನೆ ಸಿಗಲ್ಲ, ಪಕ್ಕದ ಊರಿನವನು ಅಷ್ಟೂ ಜಮೀನಿನಲ್ಲಿ ಬೆಳೆ ತೆಗೀತಿರೋವಾಗ ಇವರು ಊರಿನ ಸರದಿಗೆ ಕಟ್ಟುಬಿದ್ದು ಬಿಡಬೇಕು. ಯಾರಾದ್ರೂ ರಿಟೈರ್ ಆದ್ರೆ ಆ ಪಟ್ಟಿಗಳು ಉಳಿದವರಿಗೆ ಹೋಗ್ತವೆ, ಹೀಗೆ ಆಗ್ತಾ ಆಗ್ತಾ ರೈತರ ಸಂಖ್ಯೆ ಇನ್ನೂ ಇಳಿದ್ರೆ ಹನ್ನೆರಡು ಜನರ ಜ್ಯೂರಿಗೆ ಬೇಸಾಯ ಗೊತ್ತಿರೋ ಜನ ಎಲ್ಲಿಂದ ತರ್ತಾರೆ? ನನಗೆ ಇರೋ ಆತಂಕ ಅದೇ. ಜಮೀನಿನ ಒಡೆತನ ಯಾರದ್ದಾದ್ರೂ ಆಗಲಿ, ಕೋಟೆ ದಿಬ್ಬ, ಚರ್ಚು ಎಲ್ಲಾ ಹೇಗೋ ಉಳಿಯತ್ತೆ, ಆದ್ರೆ ಈ ಹೊಲಗಳು ಉಳಿಯೋಕೆ ವರ್ಷಾ ವರ್ಷಾ ಅದನ್ನ ಉಳೋರು ಬೇಕು. ಗೇಣಿಯನ್ನ ಆ ಕಷ್ಟ ನೋಡ್ಕೊಂಡು ನಿಗದಿ ಮಾಡಬೇಕು, ಸೈಕ್‌ಗಳ ಹೂವು ಉಳಿಸಿದ್ದಕ್ಕೆ ಪರಿಸರದ ಲೆಕ್ಕದಲ್ಲಿ ಸರ್ಕಾರ ದುಡ್ಡು ಕೊಡಬೇಕು, ಊರಿನ ಹುಡುಗ ಹುಡುಗೀರಿಗೆ ಊರಲ್ಲೇ ಬಾಡಿಗೆಗೆ ಕೈಗೆಟುಕೋ ಮನೆ ಸಿಗಬೇಕು. ಕೊನೇದೇ ಎಲ್ಲಕ್ಕಿಂತ ಕಷ್ಟ, ಯಾಕಂದ್ರೆ ಪಟ್ಟಣದಿಂದ ನಿವೃತ್ತರಾಗಿ ಬರೋರು ಕೊಡೋ ಬೆಲೆಯನ್ನ ಕೃಷಿ ಕೆಲಸದ ಸಂಬಳದಲ್ಲಿ ಕೊಡೋಕಾಗಲ್ಲ.

ಪ್ರಶ್ನೆ: ನನ್ನ ಮಗಳು ನಾಟಿಂಗ್‌ಹ್ಯಾಮ್‌ನಲ್ಲಿ ಓದ್ತಿದಾಳೆ, ಬರೋ ವರ್ಷ ನಾವು ಹೋಗ್ತಿದೀವಿ. ಲ್ಯಾಕ್ಸ್‌ಟನ್ ನೋಡೋಕೆ ಯಾವಾಗ, ಹೇಗೆ ಹೋಗೋದು? (ಒಬ್ಬ ತಾಯಿ)

ಉತ್ತರ: ಅಮ್ಮಾ, ರೈಲಿನಲ್ಲಾದ್ರೆ ನ್ಯೂಆರ್ಕ್ ತನಕ ಹೋಗಿ ಅಲ್ಲಿಂದ ಟ್ಯಾಕ್ಸಿ ಮಾಡೋದು ವಾಸಿ, ವಾಪಸ್ ಬರೋ ಟ್ಯಾಕ್ಸಿಯನ್ನೂ ಆಗಲೇ ಹೇಳಿಬಿಡಿ, ಊರಲ್ಲಿ ನಿಂತು ಕೈ ತೋರಿಸಿದ್ರೆ ಸಿಗಲ್ಲ. ಹೂವು ನೋಡಬೇಕಾದ್ರೆ ಜೂನ್, ಆಗ ರಾತ್ರಿ ಒಂಬತ್ತೂವರೆ ತನಕ ಬೆಳಕಿರತ್ತೆ. ಕೊಯ್ಲು ನೋಡಬೇಕಾದ್ರೆ ಆಗಸ್ಟ್. ಜ್ಯೂರಿ ನೋಡಬೇಕು ಅಂದ್ರೆ ನವೆಂಬರ್ ಕೊನೆ, ಆಗ ಮಾತ್ರ ದಪ್ಪ ಕೋಟು, ಮೊಣಕಾಲವರೆಗಿನ ರಬ್ಬರ್ ಬೂಟು ಇಲ್ಲದೇ ಹೋಗಲೇಬೇಡಿ, ಆ ಜೇಡಿಮಣ್ಣಲ್ಲಿ ಸೀರೆ ಚಪ್ಪಲಿ ನಡೆಯಲ್ಲ.

ಮೊದಲು ಪಬ್ ಪಕ್ಕದ ವಿಸಿಟರ್ ಸೆಂಟರಿಗೆ ಹೋಗಿ ನಕಾಶೆ, ವಿವರ ಓದ್ಕೊಳ್ಳಿ, ಇಲ್ಲಾಂದ್ರೆ ಹೊಲದಲ್ಲಿ ಏನು ನೋಡ್ತಿದೀವಿ ಅಂತಾನೇ ಗೊತ್ತಾಗಲ್ಲ, ಬೇಲಿ ಇಲ್ಲದ ಬಯಲು ಅಷ್ಟೇ ಕಾಣೋದು. ಆಮೇಲೆ ಚರ್ಚು, ಬೀಡಾಡಿ ದನ ಕೂಡಿ ಹಾಕ್ತಿದ್ದ ಇಟ್ಟಿಗೆಯ ದೊಡ್ಡಿ, ಕೋಟೆ ದಿಬ್ಬ, ಕೊನೆಗೆ ಹೊಲ. ಪಬ್‌ನಲ್ಲಿ ಊಟ ಮಾಡೋದಾದ್ರೆ ಅಡುಗೆಮನೆ ಯಾವ ದಿನ, ಎಷ್ಟು ಹೊತ್ತಿನ ತನಕ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ, ಸಸ್ಯಾಹಾರ ಬೇಕಿದ್ರೆ ಅದನ್ನೂ ಆಗಲೇ ಹೇಳಿ. ಮತ್ತೆ ದಾರಿಯಲ್ಲಿ ಗೇಟ್ ಸಿಕ್ಕಿದ್ರೆ, ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ರೆ ತೆರೆದೇ ಬಿಡಿ, ಆ ಕಡೆ ದನಕ್ಕೆ ನೀರು ಇರಬಹುದು.